ಪರದೆಯ ಕೆಳಗಿನ ಸಾಲುಗಳು

ನನ್ನ ಬಲಗೈ ತೋರುಬೆರಳಿಗೆ ಸುಮ್ಮನಿರುವುದು ಗೊತ್ತಿಲ್ಲ. ಬಸ್ಸಿನಲ್ಲಿ ಕೂತರೂ ತೊಡೆಯ ಮೇಲೆ ಕುಟ್ಟುತ್ತಿರುತ್ತದೆ. ಇದು ಕೆಲಸದಿಂದ ಅಂಟಿಕೊಂಡ ರೋಗ. ಚಿತ್ರೋತ್ಸವಗಳಲ್ಲಿ ದೊಡ್ಡ ಪರದೆಯ ಕೆಳಗೆ ಇನ್ನೊಂದು ಕಿರಿದಾದ ಪರದೆ ಇರುತ್ತದಲ್ಲ, ಅದರಲ್ಲಿ ಸ್ಪ್ಯಾನಿಷ್ ಸಾಲುಗಳು ತಾವಾಗಿಯೇ ಬರುತ್ತವೆ ಅಂತ ಜನ ತಿಳಿದಿದ್ದಾರೆ. ಎಲ್ಲಿಂದ ಬರುತ್ತವೆ? ಹಾಲ್‌ನ ಹಿಂದೆ ಗೋಡೆಗೆ ಅಂಟಿಸಿದ ಒಂದು ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಹಿಂದೆ ನಾನು. ಪರದೆಯ ಮೇಲೆ ಒಬ್ಬ ಬಾಯಿ ತೆರೆದರೆ ನಾನು ಕೀಲಿ ಒತ್ತಬೇಕು, ಒಂದು ಸಾಲು ಬರುತ್ತದೆ. ಅವನು ಉಸಿರೆಳೆದುಕೊಂಡರೆ ನಾನೂ ತಡೆದುಕೊಳ್ಳಬೇಕು. ಒಂದು ಕ್ಷಣ ಮೊದಲೇ ಒತ್ತಿದರೆ ಅವನು ಜೋಕು ಹೇಳುವುದಕ್ಕೆ ಮುಂಚೆಯೇ ಜನ ನಕ್ಕಿರುತ್ತಾರೆ. ಹೀಗೆ ಊರಿನವರ ಬಾಯಿಗೆಲ್ಲ ಕಾವಲು ಕೂತು ನನಗೆ ಅರವತ್ತು ಹತ್ತಿರವಾಯಿತು.

ಈ ವರ್ಷ ನಮ್ಮ ಬುಯೆನೋಸ್ ಐರೆಸ್‌ನ ಇಸ್ರೇಲಿ ಮತ್ತು ಯಹೂದಿ ಚಿತ್ರೋತ್ಸವಕ್ಕೆ ಬಂದ ಚಿತ್ರಗಳ ಪೈಕಿ ಒಂದರಲ್ಲಿ ನನ್ನ ಅಣ್ಣ ಸಾವುಲ್ ಇದ್ದ.

ಅವನು ನಟನಲ್ಲ. ಇಸ್ರೇಲಿನ ಒಂದು ಕಿಬ್ಬುತ್ಸ್‌ನಲ್ಲಿ, ಎಲ್ಲರೂ ಕೂಡಿ ದುಡಿದು ಒಂದೇ ಊಟದ ಮನೆಯಲ್ಲಿ ಉಣ್ಣುವ ಆ ಹಳ್ಳಿಯಲ್ಲಿ, ಬೆಣ್ಣೆಹಣ್ಣಿನ ತೋಟ ನೋಡಿಕೊಂಡಿದ್ದ. ನಿತ್ಸಾನ್ ಎಂಬ ಹುಡುಗಿ ಅಲ್ಲಿನ ಮುದುಕರನ್ನೆಲ್ಲ ಮರದ ಕೆಳಗೆ ಕೂರಿಸಿ ಮಾತಾಡಿಸಿ ಸಾಕ್ಷ್ಯಚಿತ್ರ ಮಾಡಿದಳು. ಚಿತ್ರ ಮುಗಿಯುವುದರೊಳಗೆ ಸಾವುಲ್ ಹೃದಯಾಘಾತವಾಗಿ ತೀರಿಕೊಂಡ. ಆಗ ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆಯಲ್ಲಿದ್ದಳು, ವಿಮಾನ ಹತ್ತುವ ಮಾತೇ ಇರಲಿಲ್ಲ. ಇಲ್ಲಿ ವಿಯ್ಯಾ ಕ್ರೆಸ್ಪೋ ಬಡಾವಣೆಯ ಮನೆಯಲ್ಲೇ ನಮ್ಮವರ ಪದ್ಧತಿಯಂತೆ ಕನ್ನಡಿಗಳಿಗೆ ಬಟ್ಟೆ ಮುಚ್ಚಿಸಿ ಸೂತಕ ಕಳೆದಳು. ಮಗನ ಮೇಲೆ ಒಂದು ಹಿಡಿ ಮಣ್ಣು ಹಾಕಲಿಲ್ಲವಲ್ಲ ಅನ್ನುವ ಸಂಕಟ ಅವಳನ್ನು ಇವತ್ತಿಗೂ ಬಿಟ್ಟಿಲ್ಲ.

ಅಂಥವಳಿಗೆ ಚಿತ್ರದ ಸುದ್ದಿ ಮುಟ್ಟಿದ್ದೇ ತಡ, ಕೋಲು ಹಿಡಿದು ಓಡಾಡಿದಳು. ಪಾರ್ಲರಿಗೆ ಹೋಗಿ ಕೂದಲಿಗೆ ಬಣ್ಣ ಹಾಕಿಸಿದಳು. "ಮಗನ್ನ ನೋಡೋಕೆ ಬಿಳೀ ತಲೇಲಿ ಹೋಗ್ಲಾ? ಗುರುತು ಸಿಗೋದು ಬೇಡ್ವಾ?" ಅಂದಳು. ಕೆಳಗಿನ ಮನೆಯ ಸುಲೇಮಾ, ಇಸ್ಪೀಟಾಟದ ಗೆಳತಿಯರು, ಔಷಧಿ ಅಂಗಡಿಯವನು, ಯಾರನ್ನೂ ಬಿಡದೆ ಕರೆದಳು. ಕರೆದವರಿಗೆಲ್ಲ ಅದೇ ಹಳೆಯ ಕಥೆ ಹೇಳಿದಳು: "ಮಿಲಿಟರಿಯವರು ಆಳ್ತಿದ್ದ ಕಾಲ. ಹುಡುಗರನ್ನ ರಾತ್ರೋರಾತ್ರಿ ಎತ್ಕೊಂಡು ಹೋಗ್ತಿದ್ರು. ಹೆದರಿ ಓಡಿಹೋಯ್ತು ನನ್ನ ಮಗು. ಇಲ್ದಿದ್ರೆ ನನ್ನ ಬಿಟ್ಟು ಹೋಗ್ತಿತ್ತಾ?"

ಅಮ್ಮನಿಗೆ ಸ್ಪ್ಯಾನಿಷ್ ಬರುತ್ತದೆ, ಹಿರಿಯರಿಂದ ಬಂದ ಮನೆಮಾತು ಯಿದ್ದಿಶ್ ಬರುತ್ತದೆ. ಇಸ್ರೇಲಿನ ಮಾತಾದ ಹೀಬ್ರೂ ಮಾತ್ರ ಪ್ರಾರ್ಥನೆಯ ನಾಲ್ಕು ಮಾತು ಬಿಟ್ಟರೆ ಇಲ್ಲ. ನನಗೆ ಬರುತ್ತದೆ. ಪ್ರಾಯದಲ್ಲಿ ಎರಡು ವರ್ಷ ಅಣ್ಣನ ಬಳಿ ಹೋಗಿ ಇದ್ದೆ. ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು, ಯಾರಾದರೂ ಬನ್ನಿ ಅಂತ ಅಮ್ಮ ಹೇಳಿ ಕಳಿಸಿದಳು. "ನೀನು ಹೋಗು, ನಂಗೆ ಕೊಯ್ಲಿದೆ," ಅಂದ ಸಾವುಲ್. ಬೆಣ್ಣೆಹಣ್ಣಿನ ಕೊಯ್ಲು ವರ್ಷದಲ್ಲಿ ಅರ್ಧ ವರ್ಷ ನಡೆಯುತ್ತದೆ. ನಾನು ಬಂದೆ. ಬಂದವಳು ಮತ್ತೆ ಹೋಗಲಿಲ್ಲ.

ಚಿತ್ರ ಕೊನೆಯ ಗಳಿಗೆಯಲ್ಲಿ ಕೈಗೆ ಬಂತು, ಅದೂ ಬರಿಯ ಹೀಬ್ರೂ, ಕೆಳಗೆ ಬೇರೆ ಯಾವ ಭಾಷೆಯ ಒಂದು ಅಕ್ಷರವೂ ಇಲ್ಲದೆ. ಸಾಲುಗಳನ್ನೆಲ್ಲ ನಾನೇ ಮಾಡಬೇಕಿತ್ತು. ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪಿಟ್ಟು, ಇಲ್ಲಿಯವರು ಕುಡಿಯುವ 'ಮಾತೆ' ಎಂಬ ಎಲೆಕಷಾಯದ ಸೋರೆಬುರುಡೆ ಪಕ್ಕದಲ್ಲಿಟ್ಟುಕೊಂಡು ಕೂತೆ. ಸಾವುಲ್ ಬಂದ. ಹೊಟ್ಟೆ ಬಂದಿತ್ತು, ಬಟ್ಟೆಯ ಟೋಪಿ ಹಾಕಿದ್ದ. ಮಾತು ಶುರುಮಾಡುವ ಮುಂಚೆ ಚಿಕ್ಕಂದಿನ ಹಾಗೇ ಕಿವಿಯ ತುದಿ ಎಳೆದುಕೊಂಡ. ನನಗೆ ಅಳು ಬಂತು, ಒರೆಸಿಕೊಂಡು ಬರೆಯತೊಡಗಿದೆ. ನೀರಿನ ಕೊಳವೆಯ ಬಗ್ಗೆ ಹೇಳಿದ, ಇಲಿಗಳ ಬಗ್ಗೆ ಹೇಳಿದ. ಆಮೇಲೆ ನಗುತ್ತಲೇ ಹೇಳಿದ:

"ನಾನು ಮಿಲಿಟರಿಗೆ ಹೆದರಿ ಬಂದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಾನು ಓಡಿಬಂದದ್ದು ಅಮ್ಮನಿಂದ."

"ಶುಕ್ರವಾರ ಶುಕ್ರವಾರ ಫೋನ್ ಮಾಡಿ ಮುಂದಿನ ವರ್ಷ ಬರುತ್ತೇನೆ ಅನ್ನುತ್ತೇನೆ. ಹೋಗುವ ಮನಸ್ಸು ಒಂದು ದಿನವೂ ಇರಲಿಲ್ಲ."

"ತಂಗಿ ಅಲ್ಲೇ ಇದ್ದಾಳೆ, ನೋಡಿಕೊಳ್ಳುತ್ತಾಳೆ. ಅವಳಿಗೆ ಬೇರೆ ಆಸೆ ಏನೂ ಇರಲಿಲ್ಲ."

ಅಷ್ಟು ಹೇಳಿ ಮತ್ತೆ ಇಲಿಗೆ ಹೋದ.

ನಾನು ಎದ್ದೆ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ನಡೆದೆ. ಸತ್ತವನನ್ನು ಬೈಯಬಾರದು ಅನ್ನುತ್ತಾರೆ. ಬಾಯಿಗೆ ಬಂದದ್ದೆಲ್ಲ ಬೈದೆ. ಎಂಬತ್ತಾರು ವರ್ಷದ ಹೆಂಗಸು ಕೂದಲಿಗೆ ಬಣ್ಣ ಹಾಕಿಸಿಕೊಂಡು, ಬೀದಿಗೆಲ್ಲ ಹೇಳಿಕೊಂಡು, ಇದನ್ನು ಓದುವುದಕ್ಕೆ ಬರಬೇಕೇ? ಮೂರನೆಯ ಮಾತು ನನಗೆ ಚುಚ್ಚಿದ್ದು ಬೇರೆ. ಅದನ್ನು ಆಗ ಒಪ್ಪಿಕೊಳ್ಳುವ ವ್ಯವಧಾನ ಇರಲಿಲ್ಲ. ಅಮ್ಮನಿಗೋಸ್ಕರವೇ ಕುದಿಯುತ್ತಿದ್ದೇನೆ ಅಂದುಕೊಂಡೆ.

ಉತ್ಸವ ನಡೆಸುವವನು ಬೆತೋ ಕ್ಲೈಮನ್. ಅವನನ್ನು ಚಿತ್ರಮಂದಿರದ ಎದುರಿನ ಕಾಫಿ ಅಂಗಡಿಯಲ್ಲಿ ಹಿಡಿದೆ.

"ಬೆತೋ, ಆ ತೋಟದ ಚಿತ್ರ ತೆಗೆದುಬಿಡು."

"ತಲೆಗಿಲೆ ಕೆಟ್ಟಿದ್ಯಾ? ಟಿಕೆಟ್ಟೇ ಉಳಿದಿಲ್ಲ. ನಿಮ್ಮಮ್ಮ ಒಬ್ರೇ ಅರ್ಧ ಹಾಲ್ ತುಂಬಿಸಿದಾರೆ."

"ಅದೇ ಕಣೋ. ಅದ್ರಲ್ಲಿ ಸಾವುಲ್ ಅಮ್ಮನ ಬಗ್ಗೆ ಆಡಬಾರದ್ದು ಆಡಿದಾನೆ."

ಬೆತೋ ಬ್ರೆಡ್ಡಿನ ತುದಿ ಕಾಫಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. "ಮಿರ್ತಾ, ನಮ್ಮ ಚಿತ್ರಗಳಲ್ಲಿ ಯಾವನಾದ್ರೂ ಒಬ್ಬ ಅವರಮ್ಮನ್ನ ಅಂತಾನೇ ಇರ್ತಾನೆ. ಅದನ್ನೆಲ್ಲ ತೆಗೀತಾ ಹೋದ್ರೆ ಉತ್ಸವದಲ್ಲಿ ಏನ್ ತೋರಿಸ್ಲಿ, ಜಾಹೀರಾತಾ?"

"ಆ ಅಮ್ಮಂದಿರು ನಮ್ಮಮ್ಮನ ಹಾಗೆ ಹಾಲ್‌ನ ಮೂರನೇ ಸಾಲಲ್ಲಿ ಕೂತಿರಲ್ಲ."

ಅವನು ಮೇಜಿನ ಮೇಲೆ ಕುಟ್ಟುತ್ತಿದ್ದ ನನ್ನ ಬೆರಳು ನೋಡಿದ. "ಒತ್ತೋಳು ನೀನು. ನೀನೇನೂ ಹೇಳ್ಲಿಲ್ಲ, ನಾನೇನೂ ಕೇಳ್ಲಿಲ್ಲ," ಅಂದು ಬಿಲ್ಲಿಗೆ ಕೈ ಎತ್ತಿದ.

ಪ್ರದರ್ಶನದ ದಿನ ಬಾಗಿಲಲ್ಲಿ ಎಂದಿನಂತೆ ಕಾವಲಿನವನು ಚೀಲ ಬಿಚ್ಚಿಸಿ, ಯಾರು, ಎಲ್ಲಿಂದ, ಯಾರನ್ನು ನೋಡಬೇಕು ಅಂತ ಕೇಳಿದ. ಪ್ರತಿವರ್ಷ ಕೇಳುತ್ತಾನೆ, ಪ್ರತಿವರ್ಷ ಹೇಳುತ್ತೇನೆ. ಅವತ್ತು ಅವನ ಮೇಲೂ ಹರಿಹಾಯ್ದೆ. ಒಳಗೆ ಅಮ್ಮ ಆಗಲೇ ಬಂದಿದ್ದಳು, ನೀಲಿ ಕೋಟು ತೊಟ್ಟು ಮದುವೆಮನೆಯ ಹಿರಿಯಳ ಹಾಗೆ ಎಲ್ಲರ ಕೆನ್ನೆಗೂ ಮುತ್ತು ಕೊಡುತ್ತಿದ್ದಳು. ನಮ್ಮ ಉತ್ಸವಕ್ಕೆ ಬರುವವರು ವರ್ಷ ವರ್ಷ ಅವರೇ. ಯುದ್ಧ ಜಾಸ್ತಿ ಆಯಿತು, ಹಾಡು ಕಮ್ಮಿ ಆಯಿತು ಅಂತ ಗೊಣಗುತ್ತಾ, ಪೆಪ್ಪರಮಿಂಟಿನ ಕಾಗದ ಪರಪರ ಬಿಚ್ಚುತ್ತಾ ಕೂರುತ್ತಾರೆ. ದೀಪ ಆರಿತು.

ಸಾವುಲ್ ಬಂದಾಗ ಅಮ್ಮ ಗಟ್ಟಿಯಾಗಿಯೇ, "ನೋಡಿ, ನೋಡಿ, ಕಿವಿ ಎಳ್ಕೊಂಡ!" ಅಂದಳು. ಯಾರೂ ಸುಮ್ಮನಿರಿ ಅನ್ನಲಿಲ್ಲ. ನೀರಿನ ಕೊಳವೆಗೆ ಒತ್ತಿದೆ, ಇಲಿಗಳಿಗೆ ಒತ್ತಿದೆ. ಆಮೇಲೆ ಬಲಗೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ಸಾವುಲ್‌ನ ಬಾಯಿ ಆಡುತ್ತಿತ್ತು, ಕೆಳಗಿನ ಪರದೆ ಕಪ್ಪಗೆ ಖಾಲಿ ನಿಂತಿತ್ತು. ಹೀಬ್ರೂ ಬಲ್ಲವರು ಹಾಲ್‌ನಲ್ಲಿ ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ಮುಂದೆ ಎಲ್ಲೋ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಅವನು ಇಲಿಗೆ ಮರಳಿದ ಮೇಲೆ ಕೈ ತೆಗೆದು, ಆ ಮೂರು ಸಾಲು ಹಾರಿಸಿ, ಮತ್ತೆ ಒತ್ತತೊಡಗಿದೆ. ಮುಗಿಯಿತು ಅಂದುಕೊಂಡೆ.

ಚಿತ್ರ ಆದಮೇಲೆ ಸಂವಾದ. ನಿತ್ಸಾನ್ ತಾನೇ ಬಂದಿದ್ದಳು, ಕ್ರಾಪಿನ ಹುಡುಗಿ, ಮೊಣಕಾಲು ಹರಿದ ಪ್ಯಾಂಟು. ಬೇರೆ ದುಭಾಷಿ ಇಡುವಷ್ಟು ಶಕ್ತಿ ನಮ್ಮ ಉತ್ಸವಕ್ಕಿಲ್ಲ, ಆ ಮೈಕೂ ನನಗೇ. ಮೊದಲು ಎದ್ದವನು ಪ್ರಶ್ನೆ ಅಂತ ಹೇಳಿ ತನ್ನ ಅಜ್ಜನ ಜೀವನಚರಿತ್ರೆ ಹೇಳಿದ. ಅದನ್ನು, "ಇವರಿಗೆ ಚಿತ್ರ ಇಷ್ಟವಾಯಿತಂತೆ," ಅಂತ ಹೀಬ್ರೂಗೆ ಇಳಿಸಿದೆ. ಅವನು ಕೂರುವಷ್ಟರಲ್ಲಿ ಮೂರನೇ ಸಾಲಿನಲ್ಲಿ ಕೋಲೂರಿಕೊಂಡು ಅಮ್ಮ ಎದ್ದಳು.

"ನಾನು ಪಾಲೀನಾ. ಸಾವುಲ್‌ನ ಅಮ್ಮ."

ಹಾಲ್ ಚಪ್ಪಾಳೆ ತಟ್ಟಿತು. ಅಮ್ಮ ಕೈಯೆತ್ತಿ ನಿಲ್ಲಿಸಿದಳು.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗೂ, ಅವನನ್ನ ನಡೆದಾಡೋ ಹಾಗೆ ತೋರಿಸ್ದೆ. ಒಂದೇ ಒಂದು ಕೇಳ್ತೀನಿ. ಅವನು ಮಧ್ಯದಲ್ಲಿ 'ಇಮಾ' ಅಂದ. ಅಮ್ಮ ಅಂತ. ಅಷ್ಟು ಹೀಬ್ರೂ ನಂಗೂ ಬರುತ್ತೆ. ಅವಾಗ ಕೆಳಗೆ ಏನೂ ಬರ್ಲೇ ಇಲ್ಲ. ನನ್ನ ಬಗ್ಗೆ ಏನಂದ?"

ಪ್ರಶ್ನೆಯನ್ನೇ ತಿರುಚಬಹುದಿತ್ತು. ಆದರೆ ನಿತ್ಸಾನ್‌ಗೂ 'ಇಮಾ' ಕೇಳಿಸಿತ್ತು. ಅವಳು ನನ್ನ ಕಡೆ ತಿರುಗಿ ಹೀಬ್ರೂನಲ್ಲಿ, "ಆ ಮಾತುಗಳು ಬರ್ಲಿಲ್ವಾ? ಇವರಿಗೆ ಗೊತ್ತಿಲ್ವಾ?" ಅಂದಳು. "ಇಲ್ಲ. ಹೇಳ್ಬೇಡ, ದಮ್ಮಯ್ಯ," ಅಂದೆ ನಾನೂ ಹೀಬ್ರೂನಲ್ಲಿ. ಕೈಯಲ್ಲಿ ಮೈಕ್ ಇತ್ತು. ನನ್ನ 'ದಮ್ಮಯ್ಯ' ಬಾಲ್ಕನಿಯವರೆಗೆ ಹೋಯಿತು.

ಅಮ್ಮನ ಕಡೆ ತಿರುಗಿದೆ. "ನಿನ್ನನ್ನ ತುಂಬಾ ನೆನೆಸ್ಕೋತಿದ್ನಂತೆ ಅಮ್ಮಾ. ನಿನ್ನ ಅಡುಗೆ, ಹಬ್ಬದ ದಿನ ನೀನು ಮಾಡ್ತಿದ್ದ ಮೀನು..."

"ಮೀನಾ?" ಅಂದಳು ಅಮ್ಮ. "ಸಾವುಲ್‌ಗೆ ನನ್ನ ಮೀನು ಕಂಡ್ರೆ ಆಗ್ತಿರ್ಲಿಲ್ಲ. ಮೇಜಿನ ಕೆಳಗೆ ಬೆಕ್ಕಿಗೆ ಹಾಕ್ತಿದ್ದ. ಆ ಬೆಕ್ಕು ತಿಂದೂ ತಿಂದೂ ನಡೆಯೋಕಾಗ್ದೆ ಹೋಯ್ತು."

ಜನ ನಕ್ಕರು. ಅಮ್ಮ ನಗಲಿಲ್ಲ. ನನ್ನನ್ನು ಒಂದು ಸಲ ಚೆನ್ನಾಗಿ ನೋಡಿದಳು, ಆಮೇಲೆ ಬೆನ್ನು ತಿರುಗಿಸಿ ಹಾಲ್‌ಗೆ ಕೇಳಿದಳು: "ಇಲ್ಲಿ ಹೀಬ್ರೂ ಬರೋರು, ನನ್ನ ಮಗಳಲ್ದೇ ಇರೋರು, ಯಾರಾದ್ರೂ ಇದೀರಾ?"

ಗ್ರೆಗೋರಿಯೋ ಮೇಷ್ಟ್ರು ಎದ್ದರು. ಶಾಲೆಯಲ್ಲಿ ನನಗೂ ಸಾವುಲ್‌ಗೂ ಹೀಬ್ರೂ ಅಕ್ಷರ ತಿದ್ದಿಸಿದವರು. ಉಸಿರೆಳೆದುಕೊಂಡವರು ಅವರೇ ಇರಬೇಕು.

"ಹೊರಗೆ ಹೋಗಿ ಮಾತಾಡೋಣ, ಪಾಲೀನಾ."

"ಅವನು ಹೇಳಿದ್ದು ಒಳಗೆ, ಮೇಷ್ಟ್ರೇ. ಇಲ್ಲೇ ಹೇಳಿ."

ಮೇಷ್ಟ್ರು ನನ್ನ ಕಡೆ ನೋಡಿದರು. ಅವರು ಉಕ್ತಲೇಖನ ಬರೆಸುವ ದನಿಯಲ್ಲಿ ಮೂರು ಮಾತನ್ನೂ ಹೇಳಿದರು, ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಮೆತ್ತಗೆ ಮಾಡಲಿಲ್ಲ. ಪೆಪ್ಪರಮಿಂಟಿನ ಸದ್ದು ಕೂಡ ನಿಂತಿತು. ಅಮ್ಮ ಕೋಲಿನ ಹಿಡಿಯನ್ನು ತಿರುವುತ್ತಾ ನಿಂತಿದ್ದಳು.

"ಹೆದರಿರ್ಲಿಲ್ವಂತಾ?" ಅಂತ ಕೇಳಿದಳು.

"ಮಿಲಿಟರಿಗೆ ಹೆದರಿ ಬಂದಿದ್ದಲ್ಲ ಅಂತಾನೆ."

"ಸರಿ," ಅಂದಳು. ಸುಲೇಮಾಳ ತೋಳು ಹಿಡಿದು ನಡುದಾರಿಯಲ್ಲಿ ನಡೆದು ಹೊರಟೇಹೋದಳು. ನನಗೆ ಹಿಂದೆ ಓಡಲಿಕ್ಕಾಗಲಿಲ್ಲ, ಮುಂದಿನ ಚಿತ್ರದ ಜನ ಆಗಲೇ ಬಾಗಿಲಲ್ಲಿ ನೂಕಾಡುತ್ತಿದ್ದರು. ಒಂದು ಹಾಸ್ಯಚಿತ್ರಕ್ಕೆ ಕೂತು ಒತ್ತಿದೆ. ಯಾರೂ ಸರಿಯಾದ ಜಾಗದಲ್ಲಿ ನಗಲಿಲ್ಲ.

ಆಮೇಲಿನ ದಿನಗಳಲ್ಲಿ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಫೋನ್ ಮಾಡಿದರೆ ಸುಲೇಮಾ ಎತ್ತುತ್ತಿದ್ದಳು. "ನಿಮ್ಮಮ್ಮ ಮನೇಲೇ ಇದಾರೆ. ಇಲ್ಲ ಅಂತ ಹೇಳು ಅಂದ್ರು," ಅನ್ನುತ್ತಿದ್ದಳು. ನನಗೆ ಅಮ್ಮನ ಮೇಲೂ ಸಿಟ್ಟು ಬಂತು. ಅಂದವನು ಅವನು. ಮುಚ್ಚಿಟ್ಟು ಕಾಪಾಡಲು ಹೋದವಳು ನಾನು. ಅವನ ಫೋಟೋದ ಮುಂದೆ ದೀಪ, ನನಗೆ ಮುಚ್ಚಿದ ಬಾಗಿಲು. ಕೊನೆಗೆ ತಡೆಯಲಾರದೆ ಹೋಗಿ ಅವಳ ಕಟ್ಟಡದ ಕೆಳಗೆ ನಿಂತು ಗಂಟೆ ಒತ್ತಿದೆ. ಗೋಡೆಯ ಇಂಟರ್‌ಕಾಮಿನ ಜಾಲರಿಯಲ್ಲಿ ಅವಳ ದನಿ ಬಂತು.

"ಯಾರು?"

"ನಾನು ಅಮ್ಮಾ."

"ಯಾವ ನಾನು? ನಿಜ ಹೇಳೋಳಾ, ಮೀನಿನ ಕಥೆ ಹೇಳೋಳಾ?"

"ಬಾಗಿಲು ತೆಗಿ, ಮಾತಾಡ್ಬೇಕು."

"ಆ ಚಿತ್ರ ಇನ್ನೊಂದ್ಸಲ ತೋರಿಸ್ತಾರಂತಲ್ಲ, ಗುರುವಾರ. ಬರ್ತೀನಿ," ಅಂದಳು. ಜಾಲರಿ ಸುಮ್ಮನಾಯಿತು. ಹಾದುಹೋಗುವವರು ನೋಡುತ್ತಿದ್ದರು, ನಾನು ಗೋಡೆಗೆ ಇನ್ನೆರಡು ಮಾತು ಹೇಳಿ ವಾಪಸು ಬಂದೆ.

ಗುರುವಾರದ್ದು ಮಧ್ಯಾಹ್ನದ ಪ್ರದರ್ಶನ, ಅರ್ಧಕ್ಕರ್ಧ ಕುರ್ಚಿ ಖಾಲಿ. ಅಮ್ಮ ಒಬ್ಬಳೇ ಬಂದಳು, ಮೂರನೇ ಸಾಲಿಗೆ ಹೋಗಲಿಲ್ಲ. ಕೋಲು ಕುಟ್ಟುತ್ತಾ ನೇರ ನನ್ನ ಮೇಜಿಗೆ ಬಂದಳು.

"ಸರ್ಕೋ."

"ಇಲ್ಲಿ ಬೇರೆಯವರು ಕೂರೋ ಹಾಗಿಲ್ಲ ಅಮ್ಮಾ."

"ಯಾರಂದಿದ್ದು, ಬೆತೋನಾ? ಅವನು ಚಡ್ಡಿ ಒದ್ದೆ ಮಾಡ್ಕೊಂಡಾಗ ಒಣಗಿಸಿದ್ದು ನಾನು. ಸರ್ಕೋ."

ಸರಿದೆ. ಅವಳು ಕೋಟು ಬಿಚ್ಚಿ ಮಡಚಿ ಮಡಿಲಲ್ಲಿಟ್ಟುಕೊಂಡಳು. ಲ್ಯಾಪ್‌ಟಾಪಿನ ಕಡೆ ಬಗ್ಗಿ ನೋಡಿದಳು.

"ಯಾವ್ದನ್ನ ಒತ್ತೋದು?"

"ಇದು, ಉದ್ದಕ್ಕಿದೆಯಲ್ಲ."

"ಅವನು ಬಂದಾಗ ನಾನು ಒತ್ತೀನಿ. ನಿನ್ನ ಕೈನ ನಂಬಲ್ಲ. ಯಾವಾಗ ಅಂತ ಮಾತ್ರ ಹೇಳು."

ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ದೀಪ ಆರಿತು. ತೋಟ ಬಂತು, ಬೇರೆ ಮುದುಕರು ಬಂದರು, ಅವರಿಗೆಲ್ಲ ನಾನೇ ಒತ್ತಿದೆ. ಪಕ್ಕದಲ್ಲಿ ಅಮ್ಮ ಉಸಿರಾಡುವುದು ಕೇಳುತ್ತಿತ್ತು. ಸಾವುಲ್ ಬಂದು ಕಿವಿ ಎಳೆದುಕೊಂಡ. ಈ ಸಲ ಅವಳು ಏನೂ ಅನ್ನಲಿಲ್ಲ. ನನ್ನ ಕೈ ಪಕ್ಕಕ್ಕೆ ತಳ್ಳಿ ತನ್ನ ಬೆರಳು ಇಟ್ಟಳು. ನಾನು ಅವಳ ಮಣಿಕಟ್ಟು ಮುಟ್ಟಿದಾಗೆಲ್ಲ ಬಾಗಿಲ ಗಂಟೆ ಒತ್ತುವ ಹಾಗೆ ಬಲವಾಗಿ ಒತ್ತಿದಳು. ನೀರಿನ ಕೊಳವೆ. ಇಲಿಗಳು. ಆಮೇಲೆ ನನ್ನ ಕೈ ಗಾಳಿಯಲ್ಲೇ ನಿಂತಿತು.

"ಮಿರ್ತಾ," ಅಂದಳು ಅಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಮುಟ್ಟಿದೆ. ಅವಳು ಒತ್ತಿದಳು. ಮೊದಲ ಮಾತು ಕೆಳಗೆ ಬೆಳ್ಳಗೆ ಮೂಡಿತು. ತುಟಿ ಅಲ್ಲಾಡಿಸುತ್ತಾ ಓದಿದಳು.

"ನೋಡು, ನಗ್ತಾ ಹೇಳ್ತಿದಾನೆ," ಅಂದಳು ಮೆಲ್ಲಗೆ. "ನನ್ನ ಮಗು ಹೆದರ್ಕೊಂಡು ಕತ್ತಲಲ್ಲಿ ಓಡ್ತಿರೋ ಹಾಗೆ ಕನಸು ಬೀಳ್ತಿತ್ತು ನಂಗೆ, ಇಷ್ಟು ವರ್ಷಾನೂ. ಹೆದರಿರ್ಲಿಲ್ಲ ಬಿಡು. ನನ್ನಿಂದ ಓಡಿಹೋಗಿದ್ರೆ ಹೋಗ್ಲಿ. ಹೆದರಿರ್ಲಿಲ್ಲ."

ಎರಡನೆಯದಕ್ಕೆ ಮುಟ್ಟಿದೆ. ಒತ್ತಿದಳು. "ಅದು ಗೊತ್ತಿತ್ತು," ಅಂದಳು. "ಫೋನಲ್ಲಿ ಅವನು ಆಕಳಿಸ್ತಿದ್ದ."

ಮೂರನೆಯದಕ್ಕೆ ನನ್ನ ಕೈ ಹೇಗೆ ಹೋಯಿತೋ ಗೊತ್ತಿಲ್ಲ. ಮುಟ್ಟಿದೆ, ಅವಳು ಒತ್ತಿದಳು. ಅವಳಿಗೆ ಬೇರೆ ಆಸೆ ಏನೂ ಇರಲಿಲ್ಲ. ಅಮ್ಮ ಅದನ್ನು ಓದಿ ಮುಗಿಸಿದಳು. ಆಮೇಲೆ ಮಗನನ್ನು ಅಲ್ಲೇ ಬಿಟ್ಟು ನನ್ನ ಕಡೆ ತಿರುಗಿದಳು. ಪರದೆಯ ಬೆಳಕಿನಲ್ಲಿ ಅವಳ ಬಣ್ಣ ಹಾಕಿದ ಕೂದಲು, ಸುಕ್ಕು, ಒದ್ದೆ ಕಣ್ಣು, ಎಲ್ಲ ಕಾಣುತ್ತಿತ್ತು.

"ಇದು ನಿಜಾನಾ?"

"ಯಾವುದು?"

"ಯಾವುದು ಅಂತ ನಿಂಗೊತ್ತು. ಮೇಷ್ಟ್ರು ಅವತ್ತು ಹೇಳ್ದಾಗಿಂದ ಕೂರೋಕಾಗ್ತಿಲ್ಲ ನಂಗೆ. ಅವನ ಮಾತು ಅವನ ಜೊತೆ ಹೋಯ್ತು. ನಿನ್ನನ್ನ ಕೇಳ್ತಿದೀನಿ. ನಿಂಗೆ ಬೇರೆ ಆಸೆ ಇರ್ಲಿಲ್ವಾ?"

ಪರದೆಯ ಮೇಲೆ ಸಾವುಲ್ ಹೋಗಿ, ಊಟದ ಮನೆಯ ಹೆಂಗಸೊಬ್ಬಳು ಸೌಟು ಅಲ್ಲಾಡಿಸುತ್ತಾ ಮಾತು ಶುರುಮಾಡಿದ್ದಳು. ಅವಳ ಕೆಳಗೆ ಇನ್ನೂ ನನ್ನ ಬಗೆಗಿನ ಸಾಲೇ ನಿಂತಿತ್ತು. ಒತ್ತಬೇಕಿತ್ತು. ಮೀನಿನ ಥರದ ಇನ್ನೊಂದು ಉತ್ತರ ನಾಲಿಗೆಯ ತುದಿಗೆ ಬಂದಿತ್ತು.

"ಇತ್ತು," ಅಂದೆ.

ಅಮ್ಮ ಕೋಲನ್ನು ಮೇಜಿಗೆ ಒರಗಿಸಿದಳು.

"ಇತ್ತು ಅಮ್ಮಾ. ಅಲ್ಲೇ ಹೈಫಾ ಊರಲ್ಲಿ ಕೆಲಸ ಸಿಕ್ಕಿತ್ತು ನಂಗೆ. ಬಂದರಿನ ಮೇಲೆ, ಗುಡ್ಡದಲ್ಲಿ, ಒಂದು ಕೋಣೆ ನೋಡಿ ಮಾತಾಡಿ ಬಂದಿದ್ದೆ. ಕಿಟಕಿಯಿಂದ ಹಡಗು ಕಾಣ್ತಿತ್ತು. ಅಪ್ಪ ಬಿದ್ದ ಸುದ್ದಿ ಬಂತು. ನೀನು ಯಾರಾದ್ರೂ ಬನ್ನಿ ಅಂದೆ. ಯಾರಾದ್ರೂ ಅಂದ್ರೆ ನಾನೇ ಅಂತ ಎಲ್ರಿಗೂ ಗೊತ್ತಿತ್ತು. ಯಾರೂ ನನ್ನ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ..."

ನನ್ನ ದನಿ ಏರಿತ್ತು. ಮುಂದಿನ ಸಾಲುಗಳಲ್ಲಿ ತಲೆಗಳು ತಿರುಗತೊಡಗಿದವು. ಯಾರೋ ಚಪ್ಪಾಳೆ ತಟ್ಟಿ, "ಅಕ್ಷರ! ಅಕ್ಷರ ಬರ್ತಿಲ್ಲ!" ಅಂತ ಕೂಗಿದರು. ಇನ್ನೊಬ್ಬ ಶಿಳ್ಳೆ ಹಾಕಿದ. ನನ್ನ ಬೆರಳು ತಾನಾಗಿ ಕೀಲಿಯ ಕಡೆ ಹೋಯಿತು. ಅಮ್ಮ ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕತ್ತಲ ಕಡೆ ಕತ್ತು ತಿರುಗಿಸಿದಳು.

"ಸ್ವಲ್ಪ ತಡೀರಿ!" ಅಂತ ಗದರಿದಳು. "ನನ್ನ ಮಗಳು ಮಾತಾಡ್ತಿದಾಳೆ."